ಹದಿಹರೆಯದವರ ಕೈಗೆ ಯಾವ ಪುಸ್ತಕ?

ಹೊಸ ಶಾಲಾ ವರ್ಷ ಆರಂಭವಾಗುವಾಗ ಹೆತ್ತವರು ಹಲವು ವಿಷಯಗಳನ್ನು ವಿಚಾರಿಸುತ್ತಾರೆ. ಶುಲ್ಕ ಎಷ್ಟು, ಸಮವಸ್ತ್ರ ಎಲ್ಲಿ ಸಿಗುತ್ತದೆ, ಬಸ್ಸು ಎಷ್ಟು ಗಂಟೆಗೆ ಬರುತ್ತದೆ, ಗಣಿತ ಕಲಿಸುವವರು ಯಾರು ಎಂದೆಲ್ಲ ಕೇಳುತ್ತಾರೆ. ಆದರೆ ಶಾಲೆಯ ಗ್ರಂಥಾಲಯಕ್ಕೆ ಈ ವರ್ಷ ಯಾವ ಹೊಸ ಪುಸ್ತಕಗಳು ಬಂದಿವೆ, ಎಂಟು, ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಓದುವಂಥದ್ದು ಅಲ್ಲಿ ಏನಿದೆ ಎಂದು ಕೇಳುವವರು ತೀರಾ ವಿರಳ. ಪುಸ್ತಕಗಳ ಬಗ್ಗೆ ನಾವು ಬಾಯಿ ತೆರೆಯುವುದು ಸಾಮಾನ್ಯವಾಗಿ ಒಂದೇ ಸಂದರ್ಭದಲ್ಲಿ. ಯಾವುದೋ ಒಂದು ಪುಸ್ತಕದ ಯಾವುದೋ ಒಂದು ಪುಟ ನಮ್ಮ ಮನಸ್ಸನ್ನು ಕೆರಳಿಸಿದಾಗ ಮಾತ್ರ. ಅಷ್ಟರವರೆಗೆ ಮಗು ಏನು ಓದುತ್ತದೆ ಎಂಬ ಚಿಂತೆ ನಮಗಿಲ್ಲ. ಅನಂತರ ಅದನ್ನು ಓದಬಾರದು ಎಂಬ ಚಿಂತೆ ಬಿಟ್ಟರೆ ಬೇರೇನೂ ಇಲ್ಲ.

ಇದು ಸಣ್ಣ ವಿಷಯವಲ್ಲ. ಹದಿಮೂರರಿಂದ ಹದಿನೇಳರ ವರೆಗಿನ ಪ್ರಾಯದಲ್ಲಿ ಮನುಷ್ಯನಲ್ಲಿ ಪ್ರಶ್ನೆಗಳು ಹುಟ್ಟುತ್ತವೆ. ನಾನು ಯಾರು, ಯಾಕಾಗಿ ಬದುಕಬೇಕು, ಹಿರಿಯರು ಹೇಳಿದ್ದೆಲ್ಲ ಸರಿಯೇ, ನನ್ನ ಶರೀರದಲ್ಲಿ ಆಗುತ್ತಿರುವ ಬದಲಾವಣೆಗಳೇನು, ಜಗತ್ತಿನಲ್ಲಿ ಅನ್ಯಾಯ ಏಕಿದೆ? ಈ ಪ್ರಶ್ನೆಗಳಿಗೆ ಉತ್ತರ ನೀಡುವುದು ಕೆಲವೊಮ್ಮೆ ಗೆಳೆಯರು, ಕೆಲವೊಮ್ಮೆ ಕೈಯಲ್ಲಿರುವ ಮೊಬೈಲ್, ಕೆಲವೊಮ್ಮೆ ಒಂದು ಪುಸ್ತಕ. ಹೀಗಿರುವಾಗ ಆ ಪುಸ್ತಕವನ್ನು ಆಯ್ದು ಕಪಾಟಿನಲ್ಲಿಡುವ ಹೊಣೆ ಯಾರದು? ಆಯ್ಕೆಯ ಮಾನದಂಡ ಯಾವುದು? ಒಬ್ಬ ಸತ್ಯವಿಶ್ವಾಸಿ ಈ ಪ್ರಶ್ನೆಯನ್ನು ಹೇಗೆ ನೋಡಬೇಕು? ಇವುಗಳ ಕುರಿತು ತಾವು ತುಸು ಚಿಂತಿಸಬೇಕೆಂದು ವಿನಂತಿ.

ಓದಿನಿಂದ ಆರಂಭವಾದ ಸಮುದಾಯ

ಪವಿತ್ರ ಕುರ್‌ಆನ್‌ನ ಪ್ರಥಮ ಆದೇಶವೇ ಓದುವುದರ ಕುರಿತಾಗಿತ್ತೆಂಬುದನ್ನು ನಾವು ವೇದಿಕೆಗಳಲ್ಲಿ ಸಾವಿರ ಬಾರಿ ಕೇಳಿದ್ದೇವೆ. ಅದೇ ಆದೇಶದಲ್ಲಿರುವ ಇನ್ನೊಂದು ಅಂಶವನ್ನು ಮಾತ್ರ ಅಷ್ಟಾಗಿ ಗಮನಿಸುವುದಿಲ್ಲ. ಸೃಷ್ಟಿಸಿದ ಪ್ರಭುವಿನ ನಾಮದಲ್ಲಿ ಓದಬೇಕೆಂದು ಅಲ್ಲಿ ಆಜ್ಞಾಪಿಸಲಾಗಿದೆ. ಅಂದರೆ ಓದು ಕಡ್ಡಾಯ, ಜೊತೆಗೆ ಓದಿಗೆ ಒಂದು ದಿಕ್ಕೂ ಇದೆ. ಈ ಎರಡರಲ್ಲಿ ಒಂದನ್ನು ಕೈಬಿಟ್ಟರೂ ಆದೇಶ ಅಪೂರ್ಣವಾಗುತ್ತದೆ. ದಿಕ್ಕಿನ ಹೆಸರಲ್ಲಿ ಓದನ್ನೇ ನಿಲ್ಲಿಸುವವನು ಅರ್ಧವನ್ನು ಕೈಬಿಟ್ಟ. ಓದಿನ ಹೆಸರಲ್ಲಿ ದಿಕ್ಕನ್ನು ಮರೆತವನು ಇನ್ನರ್ಧವನ್ನು ಕೈಬಿಟ್ಟ.

ಕ್ರಿ.ಶ. 624ರಲ್ಲಿ ಬದ್ರ್ ಯುದ್ಧ ನಡೆಯಿತು. ಸೆರೆ ಸಿಕ್ಕ ಮಕ್ಕಾದವರಲ್ಲಿ ಪರಿಹಾರ ಧನ ಕೊಡಲು ಶಕ್ತಿಯಿಲ್ಲದ, ಆದರೆ ಓದು ಬರಹ ಬಲ್ಲ ಕೆಲವರಿದ್ದರು. ಮದೀನಾದ ಮಕ್ಕಳಿಗೆ ಅಕ್ಷರ ಕಲಿಸುವುದನ್ನೇ ಅವರ ಬಿಡುಗಡೆಯ ಮೌಲ್ಯವಾಗಿ ನಿಶ್ಚಯಿಸಲಾಯಿತು. ಕಲಿಸುವವರು ಯಾರು? ನಿನ್ನೆಯ ತನಕ ಇಸ್ಲಾಮನ್ನು ನಿರ್ಮೂಲನ ಮಾಡಲು ಖಡ್ಗ ಹಿಡಿದು ನಿಂತಿದ್ದವರು. ಆದರೂ ಪ್ರವಾದಿವರ್ಯರು(ಸ) ತಮ್ಮ ಸಮುದಾಯದ ಮಕ್ಕಳನ್ನು ಅವರ ಮುಂದೆ ಕುಳ್ಳಿರಿಸಲು ಹಿಂಜರಿಯಲಿಲ್ಲ.

ಹಝ್ರತ್ ಝೈದ್ ಬಿನ್ ಸಾಬಿತ್‌ರ(ರ) ಚರಿತ್ರೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಪ್ರವಾದಿ(ಸ) ಮದೀನಾಕ್ಕೆ ಬಂದಾಗ ಅವರು ಸುಮಾರು ಹನ್ನೊಂದರ ಹರೆಯದ ಬಾಲಕ. ಯಹೂದಿಯರೊಂದಿಗಿನ ಪತ್ರ ವ್ಯವಹಾರಕ್ಕಾಗಿ ಅವರ ಲಿಪಿಯನ್ನು ಕಲಿಯುವಂತೆ ಪ್ರವಾದಿ(ಸ) ಆ ಬಾಲಕನಿಗೆ ಸೂಚಿಸಿದರು. ಸುಮಾರು ಅರ್ಧ ತಿಂಗಳೊಳಗೆ ಕಲಿತೆನೆಂದು ಅವರೇ ಹೇಳಿರುವುದು ಹದೀಸ್ ಗ್ರಂಥಗಳಲ್ಲಿದೆ. ಇತರ ಸಮುದಾಯದ ಬರಹವನ್ನು ಓದಿದರೆ ಹುಡುಗ ಕೆಟ್ಟು ಹೋದಾನೆಂಬ ಭಯ ಅಲ್ಲಿರಲಿಲ್ಲ. ಹುಡುಗನ ಮೇಲೆ ಭರವಸೆಯಿತ್ತು. ಆ ಭರವಸೆ ವ್ಯರ್ಥವಾಗಲಿಲ್ಲ. ಹಝ್ರತ್ ಅಬೂಬಕ್ಕರ್‌ರ(ರ) ಆಡಳಿತ ಕಾಲದಲ್ಲಿ ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಮಹಾ ಹೊಣೆ ಅದೇ ಯುವಕನ ಹೆಗಲಿಗೆ ಬಂತು.

ಇಲ್ಲಿ ಒಂದು ಆಕ್ಷೇಪ ಕೇಳಿ ಬರಬಹುದು. ಹಝ್ರತ್ ಉಮರ್(ರ) ಪೂರ್ವಗ್ರಂಥದ ಕೆಲವು ಹಾಳೆಗಳನ್ನು ತಂದು ಓದಿದಾಗ ಪ್ರವಾದಿ(ಸ) ಅಸಮಾಧಾನ ವ್ಯಕ್ತಪಡಿಸಿದರೆಂಬ ವರದಿಯೂ ಇದೆಯಲ್ಲವೇ? ಇದೆ. ಆದರೆ ಸನ್ಮಾರ್ಗವನ್ನು ಎಲ್ಲಿ ಹುಡುಕಬೇಕೆಂಬುದು ಅಲ್ಲಿದ್ದ ಪ್ರಶ್ನೆ. ಪ್ರವಾದಿ(ಸ) ಜೀವಂತವಾಗಿ ಮುಂದೆ ಇರುವಾಗ, ದಿವ್ಯವಾಣಿ ಅವತೀರ್ಣವಾಗುತ್ತಿರುವಾಗ ಮಾರ್ಗದರ್ಶನಕ್ಕಾಗಿ ಬೇರೆಡೆ ನೋಡುವ ಅಗತ್ಯವಿರಲಿಲ್ಲ. ಝೈದ್‌ರ(ರ) ವಿಷಯದಲ್ಲಿದ್ದುದು ಜಗತ್ತನ್ನು ಅರಿಯುವ ಪ್ರಶ್ನೆ. ಈ ಎರಡನ್ನು ಬೆರೆಸಿದ್ದರಿಂದಲೇ ನಮ್ಮಲ್ಲಿ ಅನೇಕ ಗೊಂದಲಗಳು ಹುಟ್ಟಿವೆ. ಬದುಕಿನ ಮಾನದಂಡ ಕುರ್‌ಆನ್ ಮತ್ತು ಪ್ರವಾದಿಚರ್ಯೆ. ಆ ಮಾನದಂಡ ಕೈಯಲ್ಲಿರುವವನು ಜಗತ್ತಿನ ಪುಸ್ತಕಗಳನ್ನು ಕಂಡು ಓಡಬೇಕಾಗಿಲ್ಲ.

ಹಝ್ರತ್ ಯೂಸುಫ್‌ರ(ಅ) ಚರಿತ್ರೆ ಕಲಿಸುವ ಪಾಠ

ಹದಿಹರೆಯದವರ ಪುಸ್ತಕಗಳ ಬಗ್ಗೆ ಹೆಚ್ಚಾಗಿ ಕೇಳಿ ಬರುವ ದೂರು ಒಂದೇ. ಅದರಲ್ಲಿ ಪ್ರೇಮದ ಪ್ರಸ್ತಾಪವಿದೆ, ಇದರಲ್ಲಿ ಮದ್ಯಪಾನದ ಸನ್ನಿವೇಶವಿದೆ, ಇನ್ನೊಂದರಲ್ಲಿ ಮಗ ತಂದೆಯ ಎದುರು ನಿಂತು ಮಾತನಾಡುತ್ತಾನೆ. ಆದ್ದರಿಂದ ಪುಸ್ತಕ ಬೇಡ. ಈ ವಾದವನ್ನು ಒಪ್ಪುವ ಮುನ್ನ ಸೂರಃ ಯೂಸುಫನ್ನು ಒಮ್ಮೆ ತೆರೆದು ನೋಡಿ. ಅಲ್ಲಾಹನು ಅತ್ಯುತ್ತಮ ಕಥನವೆಂದು ಪರಿಚಯಿಸಿದ ಆ ಚರಿತ್ರೆಯಲ್ಲಿ ಏನೇನಿದೆ? ತಮ್ಮನ ಮೇಲೆ ಅಣ್ಣಂದಿರ ಅಸೂಯೆ. ಬಾವಿಗೆ ದೂಡುವ ಸಂಚು. ತಂದೆಯ ಮುಂದೆ ಸುಳ್ಳು. ಮನುಷ್ಯನನ್ನು ಅಗ್ಗದ ಬೆಲೆಗೆ ಮಾರುವುದು. ಬಾಗಿಲುಗಳನ್ನು ಭದ್ರಪಡಿಸಿ ಯುವಕನೊಬ್ಬನನ್ನು ಪಾಪಕ್ಕೆ ಕರೆಯುವ ಮನೆಯೊಡತಿ. ನಿರಪರಾಧಿಗೆ ಸೆರೆಮನೆ. ನಾವು ಮಕ್ಕಳಿಂದ ಮರೆಮಾಚಲು ಬಯಸುವ ಎಲ್ಲವೂ ಅಲ್ಲಿದೆ. ಆದರೂ ಅದನ್ನು ನಮ್ಮ ಮಕ್ಕಳು ಮದ್ರಸದಲ್ಲಿ ಓದುತ್ತಾರೆ, ನಾವು ಮನೆಯಲ್ಲಿ ಪಾರಾಯಣ ಮಾಡುತ್ತೇವೆ.

ವ್ಯತ್ಯಾಸ ಎಲ್ಲಿದೆ? ಕತೆಯಲ್ಲಿ ಪಾಪ ಕಾಣಿಸಿಕೊಳ್ಳುವುದು ಬೇರೆ, ಕತೆ ಪಾಪದ ಪಕ್ಷ ವಹಿಸುವುದು ಬೇರೆ. ಸೂರಃ ಯೂಸುಫ್ ಓದಿ ಮುಗಿಸಿದಾಗ ಮನಸ್ಸು ವಾಲುವುದು ಆ ಯುವಕನ ಕಡೆಗೆ. ಪಾಪಕ್ಕಿಂತ ಸೆರೆಮನೆಯೇ ಮೇಲೆಂದು ಆತ ಆರಿಸಿಕೊಳ್ಳುವಾಗ ನಮ್ಮ ಹೃದಯವೂ ಆತನೊಂದಿಗೆ ಸೆರೆಮನೆಯ ಬಾಗಿಲು ದಾಟುತ್ತದೆ. ಅಧಿಕಾರ ಕೈಗೆ ಬಂದ ದಿನ ಆತ ಅಣ್ಣಂದಿರನ್ನು ಕ್ಷಮಿಸುವಾಗ, ಸೇಡು ತೀರಿಸುವುದಕ್ಕಿಂತ ದೊಡ್ಡದೊಂದು ಇದೆಯೆಂದು ನಮಗೆ ಮನವರಿಕೆಯಾಗುತ್ತದೆ. ಪ್ರಲೋಭನೆಯ ಪ್ರಸ್ತಾಪವೇ ಇಲ್ಲದಿದ್ದರೆ ಆ ಸಂಯಮದ ಬೆಲೆ ಓದುಗನಿಗೆ ಹೇಗೆ ತಿಳಿಯುತ್ತಿತ್ತು?

ಪುಸ್ತಕದ ಆಯ್ಕೆಯಲ್ಲಿ ನಮ್ಮ ಮಾನದಂಡವೂ ಇದೇ ಆಗಬೇಕು. ಈ ಪುಸ್ತಕದಲ್ಲಿ ಕೆಡುಕು ಇದೆಯೇ ಎಂದು ಕೇಳಿ ನಿಲ್ಲಬಾರದು. ಇದು ಓದುಗನ ಮನಸ್ಸನ್ನು ಯಾರ ಕಡೆಗೆ ವಾಲಿಸುತ್ತದೆ? ದಬ್ಬಾಳಿಕೆಯನ್ನು ದಬ್ಬಾಳಿಕೆಯೆಂದೇ ತೋರಿಸುತ್ತದೆಯೇ? ಮನುಷ್ಯನನ್ನು ಮನುಷ್ಯನಾಗಿ ಕಾಣಲು ಕಲಿಸುತ್ತದೆಯೇ, ಅಥವಾ ಭೋಗದ ವಸ್ತುವಾಗಿ, ತಮಾಷೆಯ ವಸ್ತುವಾಗಿ ಕಾಣಿಸುತ್ತದೆಯೇ? ಪುಸ್ತಕ ಮುಚ್ಚಿಟ್ಟ ಮೇಲೆ ಮಗುವಿನ ಅಂತಃಸಾಕ್ಷಿ ಹೆಚ್ಚು ಎಚ್ಚರಗೊಂಡಿರುತ್ತದೆಯೇ? ಇವೇ ಕೇಳಬೇಕಾದ ಪ್ರಶ್ನೆಗಳು. ಕಾಮವನ್ನು ಕೆರಳಿಸಿ ಹಣ ಮಾಡಲೆಂದೇ ಬರೆದುದು, ಕ್ರೌರ್ಯವನ್ನು ವೀರತನವೆಂದು ಕೊಂಡಾಡುವುದು, ಒಂದು ಜನವರ್ಗದ ಮೇಲೆ ದ್ವೇಷ ಬಿತ್ತುವುದು – ಇಂಥವು ಈ ಪರೀಕ್ಷೆಯಲ್ಲಿ ನಿಲ್ಲಲಾರವು. ಅವನ್ನು ನಿಸ್ಸಂಕೋಚವಾಗಿ ನಿರಾಕರಿಸಬೇಕು. ಆದರೆ ನಿರಾಕರಿಸಲಿಕ್ಕೂ ಮೊದಲು ಓದಬೇಕಲ್ಲವೇ?

ಓದದೆ ತೀರ್ಪು ನೀಡುವ ರೋಗ

ಇಂದು ಒಂದು ಪುಟದ ಚಿತ್ರ ತೆಗೆದು ನೂರು ಮಂದಿಯ ಮೊಬೈಲಿಗೆ ಕಳುಹಿಸಲು ಕ್ಷಣ ಸಾಕು. ಆ ಪುಟದ ಹಿಂದೆ ಏನಿದೆ, ಮುಂದೆ ಏನಿದೆ, ಆ ಮಾತನ್ನು ಹೇಳುವ ಪಾತ್ರ ಯಾವುದು, ಲೇಖಕ ಅದನ್ನು ಒಪ್ಪುತ್ತಾನೋ ಖಂಡಿಸುತ್ತಾನೋ ಎಂದು ನೋಡುವ ವ್ಯವಧಾನ ಯಾರಿಗೂ ಇಲ್ಲ. ಸಂಜೆಯೊಳಗೆ ಮುಖ್ಯೋಪಾಧ್ಯಾಯರ ಕೊಠಡಿಯ ಮುಂದೆ ಜನ ಸೇರುತ್ತಾರೆ, ಪುಸ್ತಕ ಕಪಾಟಿನಿಂದ ಕೆಳಗಿಳಿಯುತ್ತದೆ. ಈ ರೋಗ ಯಾವುದೇ ಒಂದು ಸಮುದಾಯಕ್ಕೆ ಸೀಮಿತವಲ್ಲ. ಆದರೆ ನಮಗೆ ಮಾತ್ರ ಇದರಲ್ಲಿ ಯಾವ ನೆಪವೂ ಇಲ್ಲ. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ಅಜ್ಞಾನದಿಂದ ಇತರರಿಗೆ ಹಾನಿ ಮಾಡಬಾರದೆಂದು ಸೂರಃ ಹುಜುರಾತ್ ನಮ್ಮನ್ನು ಎಚ್ಚರಿಸಿದೆ. ಅರಿವಿಲ್ಲದ ವಿಷಯದ ಬೆನ್ನು ಹಿಡಿಯಬಾರದೆಂದೂ ಕಿವಿ, ಕಣ್ಣು, ಹೃದಯಗಳ ಬಗ್ಗೆ ಪ್ರಶ್ನಿಸಲಾಗುವುದೆಂದೂ ಸೂರಃ ಬನೀ ಇಸ್ರಾಈಲ್‌ನಲ್ಲಿ ಹೇಳಲಾಗಿದೆ. ಲೇಖಕನೊಬ್ಬನ ಮೇಲೆ ಆತ ಹೇಳದ್ದನ್ನು ಆರೋಪಿಸುವುದು ಕೂಡ ಮಿಥ್ಯಾರೋಪವೇ ಅಲ್ಲವೇ?

ಒಂದು ಕಠಿಣ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸಾರಾ ಅಬೂಬಕ್ಕರ್‌ರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು. ತಂದೆಯ ಹಟಕ್ಕೆ ಬಲಿಯಾಗಿ ಗಂಡನಿಂದ ಬೇರ್ಪಟ್ಟ ನಾದಿರಾ ಎಂಬ ಹೆಣ್ಣುಮಗಳು ಮತ್ತೆ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕೆಂದು ಹೇಳಲಾಗುತ್ತದೆ. ಅದನ್ನು ಸಹಿಸಲಾರದೆ ಅವಳು ಮಸೀದಿಯ ಕೆರೆಯಲ್ಲಿ ಪ್ರಾಣ ಬಿಡುತ್ತಾಳೆ. ಇಂಥ ಪುಸ್ತಕ ನಮ್ಮ ಹೆಣ್ಣು ಮಕ್ಕಳು ಓದುವ ಗ್ರಂಥಾಲಯದಲ್ಲಿ ಇರಬೇಕೇ?

ಬೇಡವೆನ್ನುವವರ ಕಳಕಳಿಯನ್ನು ತಳ್ಳಿ ಹಾಕಲಾಗದು. ಇಸ್ಲಾಮಿನ ಪರಿಚಯವಿಲ್ಲದ ಓದುಗ ಇದನ್ನೇ ಇಸ್ಲಾಮ್ ಎಂದು ಭಾವಿಸಬಹುದು. ಕತೆಯ ಕೊನೆ ಹತಾಶೆಯದ್ದು. ಇಸ್ಲಾಮ್ ಹತಾಶೆಯನ್ನೂ ಆತ್ಮಹತ್ಯೆಯನ್ನೂ ನಿಷೇಧಿಸಿದೆ. ಎಳೆಯ ಮನಸ್ಸು ಅದನ್ನು ಒಂಟಿಯಾಗಿ ಎದುರಿಸುವುದು ಹಿತವಲ್ಲ. ಈ ಮಾತುಗಳು ಸರಿ. ಆದರೆ ಇದರ ಮುಂದಿನ ಪ್ರಶ್ನೆಗೂ ನಾವು ಉತ್ತರ ಹೇಳಬೇಕು. ಆ ತಂದೆಯ ದಬ್ಬಾಳಿಕೆ ಇಸ್ಲಾಮೇ? ಮೊದಲ ಗಂಡನಿಗೆ ಮರಳಿಸುವುದಕ್ಕಾಗಿಯೇ ನಡೆಸುವ ಒಂದು ರಾತ್ರಿಯ ನಾಟಕದ ಮದುವೆಯನ್ನು, ಅದನ್ನು ಮಾಡುವವನನ್ನೂ ಮಾಡಿಸಿಕೊಳ್ಳುವವನನ್ನೂ ಪ್ರವಾದಿ(ಸ) ಶಪಿಸಿದ್ದಾರೆಂದು ಹದೀಸ್‌ನಲ್ಲಿಲ್ಲವೇ? ಹಾಗಾದರೆ ನಾದಿರಾಳ ಕಣ್ಣೀರು ದೂರುವುದು ಯಾರನ್ನು? ಶರೀಅತನ್ನೋ, ಶರೀಅತ್‌ನ ಹೆಸರು ಹೇಳಿಕೊಂಡು ಹೆಣ್ಣನ್ನು ಹಿಂಸಿಸುವವರನ್ನೋ? ಈ ಚರ್ಚೆಯನ್ನು ತರಗತಿಯಲ್ಲಿ ನಡೆಸಬಲ್ಲ ಒಬ್ಬ ಅಧ್ಯಾಪಕಿ ಇದ್ದರೆ, ಕಾಲೇಜಿನ ಮೆಟ್ಟಿಲೇರುತ್ತಿರುವ ಮಕ್ಕಳಿಗೆ ಆ ಪುಸ್ತಕ ಒಂದು ವರ್ಷದ ಪ್ರವಚನಕ್ಕಿಂತ ಹೆಚ್ಚಿನ ಪಾಠವಾದೀತು. ಅಂಥವರು ಇಲ್ಲದೆಡೆ ಅದೇ ಪುಸ್ತಕ ಗಾಯ ಮಾತ್ರವಾಗಿ ಉಳಿದೀತು. ಕೊರತೆ ಇರುವುದು ಪುಸ್ತಕದಲ್ಲೋ, ಜೊತೆಗೆ ಕುಳಿತು ಓದಬೇಕಾದ ನಮ್ಮಲ್ಲೋ?

ಪ್ರಶ್ನೆ ಕೇಳಿದವನನ್ನು ಹತ್ತಿರ ಕರೆದ ಪ್ರವಾದಿ(ಸ)

ವ್ಯಭಿಚಾರಕ್ಕೆ ಅನುಮತಿ ಕೇಳುತ್ತಾ ಪ್ರವಾದಿವರ್ಯರ(ಸ) ಬಳಿಗೆ ಬಂದ ಯುವಕನ ಪ್ರಸಂಗವನ್ನು ನೀವು ಕೇಳಿರಬಹುದು. ಸುತ್ತಲಿದ್ದವರು ಅವನನ್ನು ಗದರಿಸಿದರು. ಪ್ರವಾದಿ(ಸ) ಅವನನ್ನು ಹತ್ತಿರ ಕರೆದು ಕುಳ್ಳಿರಿಸಿದರು. ನಿನ್ನ ತಾಯಿಗೆ, ಮಗಳಿಗೆ, ಸಹೋದರಿಗೆ ಇದನ್ನು ನೀನು ಬಯಸುವೆಯಾ ಎಂದು ಒಂದೊಂದಾಗಿ ಕೇಳಿದರು. ಪ್ರತಿ ಬಾರಿಯೂ ಅವನು ಇಲ್ಲವೆಂದ. ಜನರೂ ತಮ್ಮ ಮನೆಯ ಹೆಣ್ಣುಮಕ್ಕಳಿಗೆ ಅದನ್ನು ಬಯಸುವುದಿಲ್ಲವೆಂದು ಅವರು ತಿಳಿಸಿದರು. ಬಳಿಕ ಅವನ ಮೇಲೆ ಕೈಯಿಟ್ಟು ಅವನ ಪಾಪ ವಿಮೋಚನೆಗೂ ಹೃದಯ ಶುದ್ಧಿಗೂ ಪ್ರಾರ್ಥಿಸಿದರು. ಆ ಬಳಿಕ ಅವನು ಅತ್ತ ತಿರುಗಿ ನೋಡಲಿಲ್ಲವೆಂದು ವರದಿಯಾಗಿದೆ.

ಸ್ವಲ್ಪ ಯೋಚಿಸಿ. ಅದಕ್ಕಿಂತ ನಾಚಿಕೆಗೇಡಿನ ಪ್ರಶ್ನೆ ಯಾವುದಿದ್ದೀತು? ಅದನ್ನು ಕೇಳಿದ ಯುವಕನನ್ನು ಮಸೀದಿಯಿಂದ ಹೊರಗಟ್ಟಲಿಲ್ಲ. ಪ್ರಶ್ನೆಯನ್ನು ಬಾಯಿಮುಚ್ಚಿಸಲಿಲ್ಲ. ಅವನೊಳಗೇ ಇದ್ದ ನ್ಯಾಯಪ್ರಜ್ಞೆಯನ್ನು ಎಬ್ಬಿಸಿ ಅವನಿಂದಲೇ ಉತ್ತರ ಹೇಳಿಸಲಾಯಿತು. ಹದಿಹರೆಯದವರಿಗಾಗಿ ಬರೆದ ಒಳ್ಳೆಯ ಪುಸ್ತಕ ಮಾಡುವ ಕೆಲಸವೂ ಇಂಥದ್ದೇ. ಅದು ಓದುಗನನ್ನು ಇನ್ನೊಬ್ಬನ ಜಾಗದಲ್ಲಿ ನಿಲ್ಲಿಸಿ, ಇದು ನಿನಗೆ ಆಗಿದ್ದರೆ ಹೇಗಿರುತ್ತಿತ್ತು ಎಂದು ಕೇಳುತ್ತದೆ. ಅಂಥ ಪುಸ್ತಕಕ್ಕೆ ಬೀಗ ಹಾಕಿದರೆ ಮಗುವಿನ ಪ್ರಶ್ನೆ ಸಾಯುವುದಿಲ್ಲ. ಅದು ಮೊಬೈಲಿನ ಕಡೆಗೆ ತಿರುಗುತ್ತದೆ. ಅಲ್ಲಿ ಉತ್ತರ ಕೊಡುವವರಿಗೆ ನಿಮ್ಮ ಮಗುವಿನ ಹೃದಯ ಶುದ್ಧಿಗಾಗಿ ಪ್ರಾರ್ಥಿಸುವ ಉದ್ದೇಶವೇನೂ ಇರುವುದಿಲ್ಲ.

ತಕ್ಕಡಿ ಒಂದೇ ಇರಲಿ

ಮಕ್ಕಳ ಪುಸ್ತಕಗಳಲ್ಲಿ ಮುಸ್ಲಿಮನನ್ನು ಕೇವಲ ಆಕ್ರಮಣಕಾರನಾಗಿ, ಮತಾಂಧನಾಗಿ ಚಿತ್ರಿಸಿದಾಗ ನಮಗೆ ನೋವಾಗುತ್ತದೆ. ಆ ನೋವು ಸಹಜ, ಅದನ್ನು ಸಭ್ಯವಾಗಿ ವ್ಯಕ್ತಪಡಿಸುವುದು ನಮ್ಮ ಹಕ್ಕು ಕೂಡ. ಆದರೆ ನಮ್ಮ ಆಡಳಿತದಲ್ಲಿರುವ ಶಾಲೆಗಳ ಕಪಾಟಿನಲ್ಲಿ ಇತರರ ಶ್ರದ್ಧೆಯನ್ನು ಗೇಲಿ ಮಾಡುವ ಒಂದು ಕಿರುಪುಸ್ತಕವಾದರೂ ಇದೆಯೇ ಎಂದು ನಾವು ನೋಡಿದ್ದೇವೆಯೇ? ಇತರರು ಆರಾಧಿಸುವವುಗಳನ್ನು ನಿಂದಿಸಬಾರದೆಂದು ಕುರ್‌ಆನ್ ಸ್ಪಷ್ಟವಾಗಿ ಆದೇಶಿಸಿದೆ. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ವಿಮುಖಗೊಳಿಸದಿರಲಿ ಎಂಬ ತಾಕೀತೂ ಅದರಲ್ಲೇ ಇದೆ. ನಮಗೊಂದು ತಕ್ಕಡಿ, ಇತರರಿಗೊಂದು ತಕ್ಕಡಿ ಎಂಬುದು ಸತ್ಯವಿಶ್ವಾಸಿಯ ಲಕ್ಷಣವಲ್ಲ.

ಕಪಾಟನ್ನು ಧಾರ್ಮಿಕ ಕೃತಿಗಳಿಂದ ಮಾತ್ರ ತುಂಬಿಸಿದರೆ ಕರ್ತವ್ಯ ಮುಗಿಯಿತೆಂದು ಕೂಡ ಭಾವಿಸಬೇಡಿ. ಆಕಾಶ, ಭೂಮಿ, ಪಶುಪಕ್ಷಿ, ಗತಿಸಿದ ಜನಾಂಗಗಳು ಇವೆಲ್ಲವನ್ನೂ ಕಣ್ತೆರೆದು ನೋಡಿರೆಂದು ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆ. ಕನ್ನಡದಲ್ಲಿ ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು 1936ರಷ್ಟು ಹಿಂದೆಯೇ ಹೊರತಂದರು. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಪಶ್ಚಿಮ ಘಟ್ಟದ ಕಾಡಿನಲ್ಲಿ ಒಂದು ಹಾರುವ ಓತಿಯನ್ನು ಹುಡುಕುತ್ತಾ ಓದುಗನನ್ನು ಸೃಷ್ಟಿಯ ವಿಸ್ಮಯದ ಮುಂದೆ ನಿಲ್ಲಿಸುತ್ತದೆ. ಬೊಳುವಾರು ಮಹಮದ್ ಕುಂಞಿಯವರು ಗಾಂಧೀಜಿಯ ಬಾಲ್ಯ ಮತ್ತು ಬದುಕನ್ನು ಮಕ್ಕಳಿಗಾಗಿ ಬರೆದ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಲಭಿಸಿತು. ನಮ್ಮ ಪರಂಪರೆಯ ಕಡೆಗೆ ನೋಡಿದರೆ ಹನ್ನೆರಡನೆಯ ಶತಮಾನದ ಸ್ಪೇನಿನಲ್ಲಿ ಇಬ್ನು ತುಫೈಲ್ ಬರೆದ 'ಹಯ್ ಬಿನ್ ಯಕ್‌ಝಾನ್' ಇದೆ. ನಿರ್ಜನ ದ್ವೀಪದಲ್ಲಿ ಜಿಂಕೆಯೊಂದರ ಹಾಲು ಕುಡಿದು ಬೆಳೆದ ಮಗು, ನೋಡುತ್ತಾ ಚಿಂತಿಸುತ್ತಾ ತನ್ನ ಸೃಷ್ಟಿಕರ್ತನನ್ನು ಅರಿಯುವ ಕತೆ ಅದು. ಇಂಥ ಕೃತಿಗಳನ್ನು ಇಂದಿನ ಹುಡುಗರಿಗೆ ರುಚಿಸುವ ಕನ್ನಡದಲ್ಲಿ ಬರೆದುಕೊಡುವುದು ನಮ್ಮ ಲೇಖಕರ ಹೊಣೆ.

ಕಪಾಟಿನ ಕೀಲಿಕೈ

2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕೆಂದೂ, ಅದರಲ್ಲಿ ಪತ್ರಿಕೆಗಳು ಮತ್ತು ಎಲ್ಲ ವಿಷಯಗಳ ಪುಸ್ತಕಗಳೊಂದಿಗೆ ಕತೆ ಪುಸ್ತಕಗಳೂ ಇರಬೇಕೆಂದೂ ಹೇಳಿದೆ. ಆದರೆ ಎಷ್ಟೋ ಕಡೆ ಗ್ರಂಥಾಲಯವೆಂದರೆ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿರುವ ಬೀಗ ಹಾಕಿದ ಒಂದು ಕಪಾಟು. ಪುಸ್ತಕ ಕಳೆದು ಹೋದರೆ ಲೆಕ್ಕ ಕೊಡಬೇಕಾದ ಭಯದಿಂದ ಅಧ್ಯಾಪಕರು ಬೀಗ ತೆರೆಯುವುದಿಲ್ಲ. ಅವರನ್ನಷ್ಟೇ ದೂರಿ ಫಲವಿಲ್ಲ. ವರ್ಷಕ್ಕೆ ಕೆಲವು ಪುಸ್ತಕಗಳು ಹರಿಯುವುದನ್ನೂ ಕಳೆಯುವುದನ್ನೂ ಆಡಳಿತ ಮಂಡಳಿ ಸಹಿಸಿಕೊಳ್ಳಬೇಕು. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ, ಮುಂದೆ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯದ ನಿಯಮಗಳನ್ನು ನಿರೂಪಿಸುವಾಗ ಪುಸ್ತಕದ ಬಳಕೆಯನ್ನೇ ಮೊದಲ ನಿಯಮವಾಗಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪುಸ್ತಕ ಒಂದು ಅಮಾನತು. ಅಮಾನತನ್ನು ಹಕ್ಕುದಾರರಿಗೆ ತಲುಪಿಸಬೇಕು. ಬೀಗದೊಳಗೆ ಗೆದ್ದಲಿಗೆ ಒಪ್ಪಿಸುವುದು ಅಮಾನತಿನ ಪಾಲನೆಯಲ್ಲ.

ವಿಶೇಷವಾಗಿ ಹೆಣ್ಣು ಮಕ್ಕಳ ಬಗ್ಗೆ ಯೋಚಿಸಿ. ಹುಡುಗ ಸಂಜೆ ಪೇಟೆಗೆ ಹೋಗಿ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತಾನು. ಅನೇಕ ಹುಡುಗಿಯರಿಗೆ ಶಾಲೆಯ ಕಪಾಟೊಂದೇ ಗ್ರಂಥಾಲಯ. ಅದು ಮುಚ್ಚಿದರೆ ಅವಳ ಪಾಲಿಗೆ ಎಲ್ಲವೂ ಮುಚ್ಚಿತು. ಜ್ಞಾನಾರ್ಜನೆಯನ್ನು ಪ್ರತಿಯೊಬ್ಬ ಮುಸ್ಲಿಮನ ಮೇಲೆ ಕಡ್ಡಾಯಗೊಳಿಸಿದ ಧರ್ಮದ ಅನುಯಾಯಿಗಳು ಇದಕ್ಕೆ ಏನು ಸಮಜಾಯಿಷಿ ನೀಡಬಲ್ಲರು?

ಇನ್ನು ದಾನದ ವಿಷಯ. ಮನೆಯಲ್ಲಿ ಬೇಡವಾದ ಹಳೆಯ ಗೈಡುಗಳು, ಮುಖಪುಟ ಹರಿದ ವಾರಪತ್ರಿಕೆಗಳು, ಸಮಾರಂಭಗಳಲ್ಲಿ ಸಿಕ್ಕಿ ಯಾರೂ ತೆರೆಯದ ಸ್ಮರಣ ಸಂಚಿಕೆಗಳು ಇವನ್ನು ಕಟ್ಟಿ ಶಾಲೆಗೆ ಕೊಟ್ಟು ಪುಣ್ಯ ಬಂತೆಂದು ತಿಳಿಯುವವರಿದ್ದಾರೆ. ಯಾರಾದರೂ ನಮಗೇ ಕೊಟ್ಟರೆ ಕಣ್ಣು ಮುಚ್ಚಿಕೊಳ್ಳದೆ ಸ್ವೀಕರಿಸಲಾಗದಂಥ ಕಳಪೆ ವಸ್ತುವನ್ನು ದಾನಕ್ಕಾಗಿ ಆರಿಸಬಾರದೆಂದು ಸೂರಃ ಬಕರಃದಲ್ಲಿ ಹೇಳಿರುವುದು ಇಂಥವರಿಗಾಗಿಯೇ. ಉಪಯುಕ್ತ ಜ್ಞಾನವು ಮರಣಾನಂತರವೂ ಪ್ರತಿಫಲ ತರುವ ಕರ್ಮಗಳಲ್ಲಿ ಒಂದು. ಮದುವೆಯ ಮಂಟಪದ ಅಲಂಕಾರಕ್ಕೆ ಸುರಿಯುವ ಹಣದ ಒಂದಂಶದಿಂದ ಒಂದು ಶಾಲೆಗೆ ಹೊಸ ಪುಸ್ತಕಗಳ ಒಂದು ಸಾಲನ್ನೇ ಕೊಡಬಹುದು. ಆ ಪುಸ್ತಕಗಳನ್ನು ಆರಿಸುವಾಗ ಇಬ್ಬರು ಅಧ್ಯಾಪಕರು, ಇಬ್ಬರು ಹೆತ್ತವರು ಓದಿ ನೋಡಲಿ. ಮಕ್ಕಳ ಬಯಕೆಯನ್ನೂ ಕೇಳಿ. ಎಂಟನೆಯ ತರಗತಿಗೆ ಯಾವುದು, ಹತ್ತಕ್ಕೆ ಯಾವುದು, ಅಧ್ಯಾಪಕರ ಜೊತೆಗೂಡಿ ಓದಬೇಕಾದುದು ಯಾವುದು ಎಂದು ವಿಂಗಡಿಸಿ. ಒಂದು ಪುಸ್ತಕದ ಬಗ್ಗೆ ದೂರು ಬಂದರೆ, ಪೂರ್ತಿ ಓದಿದವರು ಮಾತ್ರ ಸಭೆಯಲ್ಲಿ ಮಾತನಾಡಲಿ ಎಂಬ ನಿಯಮ ಮಾಡಿ. ಈ ಒಂದು ನಿಯಮದಿಂದಲೇ ಅರ್ಧ ಜಗಳ ಕಡಿಮೆಯಾದೀತು.

ಓದುಗ ಬಾಂಧವರೇ, ನಿಮ್ಮಲ್ಲಿ ಪ್ರತಿಯೊಬ್ಬರೂ ಮೇಲ್ವಿಚಾರಕರು, ತಮ್ಮ ಅಧೀನದಲ್ಲಿರುವವರ ಬಗ್ಗೆ ಪ್ರಶ್ನಿಸಲ್ಪಡುವವರು ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಕುರಿ ಕಾಯುವವನು ತೋಳಕ್ಕೆ ಹೆದರಿ ಕುರಿಗಳನ್ನು ದೊಡ್ಡಿಯಲ್ಲೇ ಕೂಡಿ ಹಾಕಿದರೆ ಅವು ಹಸಿವಿನಿಂದ ಸಾಯುತ್ತವೆ. ಅಡವಿಗೆ ಬಿಟ್ಟು ತಾನು ಮಲಗಿದರೆ ತೋಳದ ಪಾಲಾಗುತ್ತವೆ. ಮೇವಿರುವಲ್ಲಿಗೆ ಕೊಂಡೊಯ್ದು ತಾನೂ ಜೊತೆಗಿರುವವನೇ ನಿಜವಾದ ಕಾವಲುಗಾರ. ಯೌವನವನ್ನು ಯಾವುದರಲ್ಲಿ ಕಳೆದೆಯೆಂದು ಪುನರುತ್ಥಾನ ದಿನ ನಮ್ಮ ಮಕ್ಕಳೊಡನೆ ಕೇಳಲಾಗುವುದು. ಆ ಯೌವನದ ಮುಂದೆ ನೀವು ಏನನ್ನು ಇಟ್ಟಿರಿ, ಯಾವುದಕ್ಕೆ ಬೀಗ ಹಾಕಿದಿರಿ ಎಂಬ ಪ್ರಶ್ನೆ ನಮ್ಮೊಡನೆಯೂ ಬಂದರೆ ನಾವೇನು ಹೇಳುವೆವು? ಉತ್ತರವನ್ನು ಸಿದ್ಧಪಡಿಸಲು ಈಗ ಸಮಯವಿದೆ. ಅಲ್ಲಾಹನು ನಮಗೂ ನಮ್ಮ ಸಂತತಿಗೂ ಉಪಯುಕ್ತವಾದ ಜ್ಞಾನವನ್ನು ದಯಪಾಲಿಸಲಿ. ಆಮೀನ್.